ತೆರೆಯ ಮೂಲೆಯ ಕೆಂಪು

ಆಸ್ಪತ್ರೆಯ ನೆಲಮಾಳಿಗೆಯಲ್ಲಿದ್ದ ಟೈಪಿಂಗ್ ಕೋಣೆಯಲ್ಲಿ ಒಬ್ಬರ ಛತ್ರಿಯನ್ನು ಇನ್ನೊಬ್ಬರು ಒಯ್ಯಬಹುದಿತ್ತು. ಒಬ್ಬರ ಲೋಟದಲ್ಲಿ ಇನ್ನೊಬ್ಬರು ಕಾಫಿ ಕುಡಿದರೂ ಯಾರೂ ಮುಖ ಗಂಟಿಕ್ಕುತ್ತಿರಲಿಲ್ಲ. ಆದರೆ ಒಬ್ಬರ ಬಣ್ಣಗಳನ್ನು ಇನ್ನೊಬ್ಬರು ಮುಟ್ಟುವಂತಿರಲಿಲ್ಲ. ಕಂಪ್ಯೂಟರಿನ ತೆರೆಯ ಮೇಲೆ ದಪ್ಪಕ್ಷರ ದಪ್ಪವಾಗಿಯೇ ಕಾಣುವ ಕಾಲ ಅದಲ್ಲ. ಕಾಗದದ ಮೇಲೆ ದಪ್ಪವಾಗಿ ಅಚ್ಚಾಗುವುದು ತೆರೆಯ ಮೇಲೆ ಬೇರೊಂದು ಬಣ್ಣದಲ್ಲಿ ಕಾಣುತ್ತಿತ್ತು, ಅಡಿಗೆರೆ ಎಳೆದದ್ದು ಇನ್ನೊಂದು ಬಣ್ಣದಲ್ಲಿ. ಯಾವುದಕ್ಕೆ ಯಾವ ಬಣ್ಣ ಎನ್ನುವುದನ್ನು ಯಂತ್ರದ ಮುಂದೆ ಕೂತವರೇ ಆರಿಸಿಕೊಳ್ಳಬಹುದಿತ್ತು. ದಿನವಿಡೀ ಟೇಪಿನಲ್ಲಿ ಬರುವ ಡಾಕ್ಟರುಗಳ ದನಿಯನ್ನು ಕಿವಿಗೆ ಸಿಕ್ಕಿಸಿಕೊಂಡು ಬೇರೆಯವರ ಕಾಯಿಲೆಗಳನ್ನು ಟೈಪು ಮಾಡುವ ಹೆಂಗಸರಿಗೆ ತಮ್ಮದೆನ್ನಲು ಇದ್ದದ್ದು ಅದೊಂದೇ.

ಉಲ್ಲಾಳದು ನೇರಳೆ ಹಿನ್ನೆಲೆ, ಹಳದಿ ಅಕ್ಷರ, ದಪ್ಪಕ್ಷರಕ್ಕೆ ಗಿಳಿಹಸಿರು.

"ಇದೇನೇ ಉಲ್ಲಾ, ಗಿಳಿ ಮದುವೆ ದಿಬ್ಬಣ ಹೊರಟಂಗಿದೆ," ಎಂದು ರಿಗ್ಮೋರ್ ಕಿಚಾಯಿಸುತ್ತಿದ್ದಳು.

"ನಿಂದು ನೋಡ್ಕೋ ಮೊದ್ಲು. ಕಟುಕನ ಅಂಗಡಿ."

ಅದೂ ಸುಳ್ಳಲ್ಲ. ರಿಗ್ಮೋರಳ ತೆರೆ ಕಡುಗಪ್ಪು, ಅಕ್ಷರ ಹಳದಿ, ದಪ್ಪಕ್ಷರವೆಂದರೆ ರಕ್ತಗೆಂಪು ಪಟ್ಟಿಯ ಮೇಲೆ ಬಿಳಿ. ಆ ಕೋಣೆಯಲ್ಲಿ ಎಲ್ಲರಿಗಿಂತ ಹಿರಿಯಳು ಅವಳು. ಅರವತ್ತಕ್ಕೆ ಇನ್ನು ಎರಡು ವರ್ಷ. ಆ ಬಣ್ಣಗಳು ಯಾಕೆ ಹಾಗಿವೆ ಎನ್ನುವುದು ಪಕ್ಕದ ಮೇಜಿನ ಡೋರ್ಟೆಗೆ ಮಾತ್ರ ಗೊತ್ತಿತ್ತು. ಯಾಕೆಂದರೆ ಅವನ್ನು ಹಾಕಿಕೊಟ್ಟವಳೇ ಡೋರ್ಟೆ.

ಅದು ಏಪ್ರಿಲ್‌ನಲ್ಲಿ. ಉಳಿದವರೆಲ್ಲ ಮಧ್ಯಾಹ್ನ ಕ್ಯಾಂಟೀನಿಗೆ ಹೋಗಿದ್ದರು. ರಿಗ್ಮೋರ್ ತನ್ನ ರೈ ರೊಟ್ಟಿಯ ಡಬ್ಬಿಯನ್ನು ತೆರೆಯದೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

"ಡೋರ್ಟೆ, ನಿನಗೆ ಈ ಬಣ್ಣ ಬದಲಾಯ್ಸೋದು ಬರತ್ತಲ್ವಾ?"

"ಬರತ್ತೆ. ಯಾಕೆ, ನಿನಗೂ ಗಿಳಿ ಬೇಕಾ?"

"ನಂಗೆ ಕಾಣೋ ಬಣ್ಣ ಬೇಕು."

ಡೋರ್ಟೆ ನಗುತ್ತಿದ್ದವಳು ನಿಲ್ಲಿಸಿದಳು.

"ನೇರ ನೋಡಿದ್ದು ಕಾಣ್ತಿಲ್ಲ ಕಣೇ. ನಿನ್ನ ಮುಖ ನೋಡಿದ್ರೆ ಮುಖ ಇರೋ ಕಡೆ ಬೂದಿ ಮೆತ್ತಿದ ಹಾಗೆ. ಕಿವಿ ಕಾಣತ್ತೆ. ಓಲೆ ಚೆನ್ನಾಗಿದೆ, ಹೊಸದಾ?"

"ರಿಗ್ಮೋರ್! ಡಾಕ್ಟ್ರಿಗೆ ತೋರಿಸಿದ್ಯಾ ಇಲ್ವಾ?"

"ಆಲ್‌ಬೋರ್ಗ್ ತನಕ ಬಸ್ಸಲ್ಲಿ ಹೋಗಿ ತೋರಿಸ್ದೆ. ಇಲ್ಲೇ ಮೇಲ್ಗಡೆ ತೋರಿಸಿದ್ರೆ ನನ್ನ ಕಣ್ಣಿನ ಕಥೆ ಟೇಪಿನಲ್ಲಿ ಬಂದು ಉಲ್ಲಾನ ಕಿವಿಗೇ ಬೀಳತ್ತೆ. ಕಾಫಿ ಹೊತ್ತಿಗೆ ಅಡುಗೆಮನೆ ತನಕ ಸುದ್ದಿ."

"ಏನಂದ್ರು?"

"ನಡು ಹೋಗತ್ತೆ, ಅಂಚು ಉಳಿಯತ್ತೆ ಅಂದ್ರು. ಪೂರ್ತಿ ಕುರುಡಿ ಆಗಲ್ವಂತೆ. ಅಷ್ಟು ಹೇಳೋಕೆ ಮೂರು ಗಂಟೆ ಕಾಯಿಸಿದ್ರು."

ಅನ್ನೆಲೀಸೆಗೆ ಹೇಳಿಬಿಡು ಎಂದಳು ಡೋರ್ಟೆ. ಅನ್ನೆಲೀಸೆ ಆ ಕೋಣೆಯ ಮೇಲ್ವಿಚಾರಕಿ, ಕೆಟ್ಟವಳಲ್ಲ.

"ಹೇಳಿದ್ರೆ ಪಾಪ ಅಂತಾಳೆ. ಹೂವಿನ ಗುಚ್ಛ ಕೊಡ್ತಾಳೆ. ಪಿಂಚಣಿಗೆ ಎಲ್ಲಿ ಸಹಿ ಹಾಕ್ಬೇಕು ಅಂತ ಬೆರಳಿಟ್ಟು ತೋರಿಸ್ತಾಳೆ. ಆಮೇಲೆ? ಗಂಡ ಅಂತ ಇದ್ದ ಎಯ್ನಾರ್ ಹೋದ್ಮೇಲೆ ನಮ್ಮನೇಲಿ ಮಾತಾಡೋದು ರೇಡಿಯೋ ಒಂದೇ. ಇಲ್ಲಿ ಆದ್ರೆ ದಿನಾ ಡಾಕ್ಟರುಗಳು ಕಿವಿಯೊಳಗೇ ಬಂದು ಕೂತ್ಕೋತಾರೆ. ಅವರಲ್ಲಿ ಒಬ್ಬ ಮಧ್ಯೆ ಸೇಬು ತಿಂತಾನೆ, ಗೊತ್ತಾ? ಅದನ್ನ ಕೇಳ್ತಾ ಕೂರೋದೂ ಒಂಥರಾ ಸಂಸಾರ." ಅವಳು ಕುರ್ಚಿಯ ಕೈಯನ್ನು ತಟ್ಟಿದಳು. "ಇದೊಂದು ಬಿಡಿಸ್ಬೇಡಿ ನನ್ನಿಂದ."

ಡೋರ್ಟೆಗೆ ಆಗ ಮೂವತ್ನಾಲ್ಕು. ನಾಲ್ಕು ವರ್ಷದ ಮಗಳು ಸ್ಟೀನೆಯನ್ನು ಒಬ್ಬಳೇ ಸಾಕುತ್ತಿದ್ದಳು. ಬೆಳಿಗ್ಗೆ ಕತ್ತಲಲ್ಲಿ ಮಗುವನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಶಿಶುವಿಹಾರಕ್ಕೆ ಬಿಟ್ಟು ಬಂದು, ಸಂಜೆ ಮತ್ತೆ ಕತ್ತಲಲ್ಲಿ ಕರೆದೊಯ್ಯುವ ಅವಳಿಗೆ ಉಸಿರಾಡಲು ಸಿಗುತ್ತಿದ್ದದ್ದು ಮಧ್ಯಾಹ್ನದ ಆ ಅರ್ಧ ಗಂಟೆ. ಅದನ್ನು ಅವಳು ರಿಗ್ಮೋರಳ ಬಣ್ಣಗಳಿಗೆ ಕೊಟ್ಟಳು. ಪಟ್ಟಿ ತೆರೆದು ಒಂದೊಂದೇ ಜೋಡಿ ಹಾಕಿ ನೋಡುವುದು, "ಇದು?" ಎಂದು ಕೇಳುವುದು, "ಮಂಜು," "ಕೆಸರು," "ಇದು ಬರೀ ಮೋಡ," ಎಂದು ರಿಗ್ಮೋರ್ ಹೇಳುವುದು. ಕೊನೆಗೆ ಕಪ್ಪಿನ ಮೇಲೆ ಹಳದಿ ನಿಂತಿತು. ಕೆಂಪಿನ ಉಪಾಯ ಹೊಳೆದದ್ದು ಆಮೇಲೆ. ತೆರೆಯ ಕೆಳಗೆ, ಬಲಗಡೆಯ ಮೂಲೆಯಲ್ಲಿ, ಬರೆಯುವ ಜಾಗ ಸಾಲಿನಲ್ಲಿ ಎಲ್ಲಿದೆ ಎಂದು ತೋರಿಸುವ ಒಂದು ಸಣ್ಣ ಅಂಕಿ ಇರುತ್ತಿತ್ತು. ದಪ್ಪಕ್ಷರದ ಕೀಲಿ ಒತ್ತಿದೊಡನೆ ಆ ಅಂಕಿಯೂ ದಪ್ಪಕ್ಷರದ ಬಣ್ಣಕ್ಕೆ ತಿರುಗುತ್ತಿತ್ತು. ರಿಗ್ಮೋರ್ ತೆರೆಯ ಎಡಮೇಲಿನ ಮೂಲೆಯನ್ನು ನೋಡುತ್ತ ಕೂತರೆ, ಉಳಿದಿದ್ದ ಕಣ್ಣಂಚಿನಲ್ಲಿ ಒಂದು ಕೆಂಪು ಹೊತ್ತಿಕೊಳ್ಳುವುದೂ ಆರುವುದೂ ಗೊತ್ತಾಗುತ್ತಿತ್ತು.

ಅವಳಿಗೆ ಅಷ್ಟು ಸಾಕಿತ್ತು. ಅಕ್ಷರಗಳನ್ನು ಬೆರಳು ಬಲ್ಲವು. ದಪ್ಪಕ್ಷರವನ್ನು ಬೆರಳು ತಿಳಿಯಲಾರವು. ಯಾಕೆಂದರೆ ಅದನ್ನು ಹಚ್ಚುವುದೂ ಆರಿಸುವುದೂ ಒಂದೇ ಕೀಲಿ, ಗೋಡೆಯ ದೀಪದ ಗುಂಡಿಯ ಹಾಗೆ. ಆ ಆಸ್ಪತ್ರೆಯ ಪತ್ರಗಳಲ್ಲಿ ದಪ್ಪಕ್ಷರಕ್ಕೆ ಇದ್ದದ್ದು ಒಂದೇ ಕೆಲಸ. ರೋಗಿಗೆ ಯಾವ ಔಷಧ ಕೊಡಬಾರದು ಎನ್ನುವ ಎಚ್ಚರಿಕೆ ಸಾಲು. ವಾರ್ಡಿನ ನರ್ಸುಗಳೂ ಹಳ್ಳಿಯ ಡಾಕ್ಟರುಗಳೂ ಕಾಗದ ಕೈಗೆ ಬಂದೊಡನೆ ಮೊದಲು ಹುಡುಕುವುದು ಆ ದಪ್ಪ ಸಾಲನ್ನು. ಅದು ಕಾಣದಿದ್ದರೆ ಔಷಧಕ್ಕೆ ಅಡ್ಡಿ ಇಲ್ಲವೆಂದೇ ಲೆಕ್ಕ.

ಸಂಜೆ ಅಂಚೆಗೆ ಹಾಕುವ ಮೊದಲು ರಿಗ್ಮೋರಳ ಕಾಗದಗಳ ಮೇಲೆ ಡೋರ್ಟೆ ಒಮ್ಮೆ ಕಣ್ಣಾಡಿಸುತ್ತಿದ್ದಳು. ತಪ್ಪು ಸಿಗುತ್ತಿದ್ದದ್ದು ಅಪರೂಪ. ಬೇಸಿಗೆ ಹೀಗೆ ಕಳೆಯಿತು. ಶರತ್ಕಾಲವೂ.

ನವೆಂಬರಿನ ಒಂದು ಶುಕ್ರವಾರ, ಎಲ್ಲರೂ ಬೇಕರಿಯ ಬನ್ನಿಗೆ ಬೆಣ್ಣೆ ಸವರುತ್ತಿದ್ದಾಗ, ಅನ್ನೆಲೀಸೆ ಹೇಳಿದಳು.

"ಬುಧವಾರ ಕಂಪ್ಯೂಟರ್ ವಿಭಾಗದ ಪ್ರೆಬೆನ್ ಫ್ಲಾಪಿ ಹಿಡ್ಕೊಂಡು ಬರ್ತಾನೆ. ಇನ್ಮೇಲೆ ಎಲ್ಲಾ ಯಂತ್ರಕ್ಕೂ ಒಂದೇ ಬಣ್ಣ. ನೀಲಿ ಹಿನ್ನೆಲೆ, ಬೂದು ಅಕ್ಷರ, ದಪ್ಪಕ್ಷರ ಬಿಳಿ. ಪತ್ರದ ನಮೂನೇನೂ ಹೊಸದು."

"ನನ್ನ ಗಿಳಿ?" ಎಂದಳು ಉಲ್ಲಾ.

"ಹಾರಿ ಹೋಗ್ಲಿ. ಬದಲಿಗೆ ಬಂದ ಹುಡುಗೀರು ನಿನ್ನ ತೆರೆ ಮುಂದೆ ಕೂತ್ರೆ ವಾಂತಿ ಬರತ್ತೆ ಅಂತಾರೆ."

ಎಲ್ಲರೂ ನಕ್ಕರು. ರಿಗ್ಮೋರ್ ಕೂಡ ನಕ್ಕಳು, ಸ್ವಲ್ಪ ತಡವಾಗಿ. ಅವಳ ಚಾಕು ಬನ್ನಿನಂಚನ್ನು ದಾಟಿ ತಟ್ಟೆಗೆ ಬೆಣ್ಣೆ ಸವರುತ್ತಿದ್ದದ್ದನ್ನು ಡೋರ್ಟೆ ನೋಡಿದಳು. ಲೋಟ ತೊಳೆಯುವಾಗ ಅವಳ ಪಕ್ಕ ನಿಂತು ಪಿಸುಗುಟ್ಟಿದಳು.

"ಹೆದರ್ಬೇಡ. ಅವನು ಬಾಗಿಲು ದಾಟಿದ ತಕ್ಷಣ ನಿಂದು ವಾಪಸ್ ಹಾಕ್ತೀನಿ. ನಿನ್ನ ಕಾಫಿ ಆರೋದ್ರೊಳಗೆ."

"ನೀನು ಬರ್ತೀಯ ತಾನೇ ಬುಧವಾರ?"

"ಎಲ್ಲಿ ಹೋಗ್ತೀನಿ ಮಾರಾಯ್ತಿ?"

ಬುಧವಾರ ಬೆಳಗಿನ ಜಾವ ಸ್ಟೀನೆ ಹಾಸಿಗೆಯಲ್ಲೇ ವಾಂತಿ ಮಾಡಿಕೊಂಡಳು. ಮೈ ಕೆಂಡ. ಡೋರ್ಟೆ ಹಾಸುಬಟ್ಟೆ ಬದಲಿಸಿ, ಮಗುವನ್ನು ಒರೆಸಿ, ಕಿಟಕಿಯ ಹೊರಗಿನ ಕತ್ತಲೆ ನೋಡುತ್ತ ನಿಂತಳು. ಮಗುವಿನ ಕಾಯಿಲೆಯ ಮೊದಲ ದಿನ ತಾಯಿ ಮನೆಯಲ್ಲಿ ಉಳಿಯಬಹುದು, ಅದಕ್ಕೆ ಯಾರೂ ಎರಡು ಮಾತಾಡುವುದಿಲ್ಲ. ಎರಡನೆಯ ದಿನಕ್ಕೆ ಏನು ಮಾಡುತ್ತೀ ಎಂದಷ್ಟೇ ಕೇಳುತ್ತಾರೆ. ಅವಳು ಆಸ್ಪತ್ರೆಗೆ ಫೋನು ಮಾಡಿ ಹೇಳಿದಳು, ಆಮೇಲೆ ಹಳ್ಳಿಯಲ್ಲಿದ್ದ ತನ್ನ ತಾಯಿಗೆ. ತಾಯಿ ನಾಳೆ ಮೊದಲ ಬಸ್ಸಿಗೆ ಬರುತ್ತೇನೆ ಎಂದಳು. ಇವತ್ತು ಬರಲಾಗುವುದಿಲ್ಲವೇ ಎಂದು ಡೋರ್ಟೆ ಎರಡು ಸಲ ಕೇಳಿದಳು. ಇವತ್ತು ಆಗುತ್ತಿರಲಿಲ್ಲ.

ಹತ್ತೂವರೆಯ ಹೊತ್ತಿಗೆ ಫೋನು ಬಡಿದುಕೊಂಡಿತು. ಮಗು ಅವಳ ಕುತ್ತಿಗೆಗೆ ಜೋತುಬಿದ್ದು ಅಳುತ್ತಿತ್ತು.

"ಹೇಗಿದ್ದಾಳೆ ಮಗು?" ರಿಗ್ಮೋರಳ ದನಿ. ಹಿಂದೆ ಕೀಲಿಗಳ ಸದ್ದು, ಅನ್ನೆಲೀಸೆಯ ನಗು. ಕೋಣೆಯಲ್ಲಿ ಫೋನು ಇದ್ದದ್ದು ಅನ್ನೆಲೀಸೆಯ ಮೇಜಿನ ಮೇಲೆ ಮಾತ್ರ.

"ವಾಂತಿ ನಿಂತಿಲ್ಲ. ಪ್ರೆಬೆನ್ ಬಂದಿದ್ನಾ?"

"ಬಂದಿದ್ದ, ಬಂದಿದ್ದ."

"ನಿನ್ನ ಯಂತ್ರ? ಬದಲಾಯಿಸಿಬಿಟ್ನಾ?"

ಸ್ಟೀನೆ ಕಿವಿಯ ಹತ್ತಿರವೇ ಕಿರುಚಿದಳು.

"ಅಯ್ಯೋ, ಪಾಪ, ಎಷ್ಟು ಅಳ್ತಿದೆ. ಏನಿಲ್ಲ ಬಿಡು, ಎಲ್ಲಾ ನಡೀತಾ ಇದೆ. ಉಪ್ಪು ಸಕ್ಕರೆ ನೀರು ಕುಡಿಸ್ತಿದ್ದೀಯ?"

"ರಿಗ್ಮೋರ್, ತಲೆನೋವು ಅಂತ ಹೇಳಿ ಮನೆಗೆ ಹೋಗ್ಬಿಡು. ಒಂದೇ ದಿನ."

"ಹೋದ ತಿಂಗಳೇ ಎರಡು ಸಲ ಹೋಗಿದೀನಿ. ಮಗೂನ ನೋಡ್ಕೋ ನೀನು," ಎಂದು ಅವಳು ಫೋನು ಇಟ್ಟಳು.

ಡೋರ್ಟೆ ಮತ್ತೆ ಫೋನು ಮಾಡಬಹುದಿತ್ತು. ಮಾಡಿದರೆ ಎತ್ತುವವಳು ಅನ್ನೆಲೀಸೆ. ಏನೆಂದು ಹೇಳುವುದು? ಬಾಯಿ ಬಿಟ್ಟರೆ ಬಣ್ಣಗೇಡು. ಅಷ್ಟರಲ್ಲಿ ಮಗು ಅವಳ ಹೆಗಲ ಮೇಲೆ ಮತ್ತೆ ವಾಂತಿ ಮಾಡಿತು, ಆ ದಿನ ಹಾಗೇ ಹೋಯಿತು.

ಮರುದಿನ ತಾಯಿ ಬಸ್ಸಿಳಿದು ಬಾಗಿಲಿಗೆ ಬರುವುದನ್ನೇ ಕಾದು, ಕೋಟು ಹಾಕಿಕೊಂಡು ಓಡಿದಳು. ನೆಲಮಾಳಿಗೆಯಲ್ಲಿ ಎಲ್ಲ ತೆರೆಗಳೂ ಒಂದೇ ನೀಲಿ. ಮೀನಿನ ಅಂಗಡಿಯ ಬೆಳಕಿನ ಹಾಗೆ ಅದು ಎಲ್ಲರ ಮುಖಕ್ಕೂ ಬಡಿದು, ಎಲ್ಲರೂ ಕಾಯಿಲೆ ಬಿದ್ದವರಂತೆ ಕಾಣುತ್ತಿದ್ದರು. ರಿಗ್ಮೋರ್ ಕಿವಿಗೆ ಹೆಡ್‌ಫೋನ್ ಹಾಕಿ, ಕಾಲನ್ನು ಟೇಪು ಓಡಿಸುವ ಪೆಡಲ್ ಮೇಲಿಟ್ಟು ನೆಟ್ಟಗೆ ಕೂತಿದ್ದಳು. ಬೆರಳುಗಳು ಓಡುತ್ತಿದ್ದವು.

"ನಿನ್ನೆ ಇಡೀ ದಿನ ಇದರಲ್ಲೇ ಟೈಪ್ ಮಾಡಿದ್ಯಾ?"

"ಬೆರಳಿಗೆ ಕಣ್ಣು ಯಾಕೆ? ನಲವತ್ತು ವರ್ಷದ ಅಭ್ಯಾಸ," ಎಂದಳು ರಿಗ್ಮೋರ್. ಆದರೆ ಅವಳ ಕುತ್ತಿಗೆಯ ಮೇಲೆ ಬೆವರಿತ್ತು.

ಕಾಫಿಗೆ ಉಳಿದವರು ಎದ್ದಾಗ ಡೋರ್ಟೆ ಅವಳ ಕುರ್ಚಿಯಲ್ಲಿ ಕೂತು ಬಣ್ಣದ ಪಟ್ಟಿ ತೆರೆದಳು. ಕಪ್ಪು, ಹಳದಿ, ಕೆಂಪಿನ ಮೇಲೆ ಬಿಳಿ. ಕಾಫಿ ಆರುವುದರೊಳಗೆ ಮುಗಿಯಿತು. ಸರಿಯಾಯಿತೇ ಎಂದು ನೋಡಲು, ಯಂತ್ರದಲ್ಲಿ ಉಳಿದಿದ್ದ ನಿನ್ನೆಯ ಪತ್ರಗಳಲ್ಲಿ ಒಂದನ್ನು ತೆರೆದಳು.

ತೆರೆಯೆಲ್ಲ ಕೆಂಪಾಯಿತು. ರೋಗಿ ಯಾವಾಗ ಬಂದ, ಏನು ತಿಂದ, ಹೇಗೆ ನಡೆದ, ಎಲ್ಲವೂ ಕೆಂಪಿನ ಮೇಲೆ ಬಿಳಿ. ಪತ್ರದ ತಲೆಯಲ್ಲಿ ಒಂದೇ ಒಂದು ಸಾಲು ಕಪ್ಪಿನ ಮೇಲೆ ಹಳದಿಯಾಗಿ ಸುಮ್ಮನೆ ಕೂತಿತ್ತು. ಪೆನಿಸಿಲಿನ್ ಕೊಡಬಾರದು.

ಡೋರ್ಟೆಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಪ್ರೆಬೆನ್ ತಂದ ಹೊಸ ನಮೂನೆಯಲ್ಲಿ ಎಚ್ಚರಿಕೆ ಸಾಲಿನ ಜಾಗದಲ್ಲಿ ದಪ್ಪಕ್ಷರವನ್ನು ಮೊದಲೇ ಹಚ್ಚಿಟ್ಟಿದ್ದರು, ಟೈಪು ಮಾಡುವವರಿಗೆ ಒಂದು ಕೀಲಿ ಉಳಿಯಲಿ ಎಂದು. ರಿಗ್ಮೋರಳ ಬೆರಳು ಎಂದಿನಂತೆ ಕೀಲಿ ಒತ್ತಿತ್ತು. ಉರಿಯುತ್ತಿದ್ದ ದೀಪ ಆರಿತ್ತು. ಸಾಲು ಮುಗಿದ ಮೇಲೆ ಮತ್ತೆ ಒತ್ತಿತ್ತು, ಅಲ್ಲಿಂದ ಕೊನೆಯವರೆಗೂ ದೀಪ ಉರಿದಿತ್ತು. ಬೇರೆ ಯಾರಾದರೂ ಆಗಿದ್ದರೆ ತೆರೆ ನೋಡಿ, ಪ್ರೆಬೆನ್‌ಗೆ ಒಂದು ಬೈಗುಳ ಹಾಕಿ ತಿದ್ದಿಕೊಳ್ಳುತ್ತಿದ್ದರು. ತಿದ್ದಿಕೊಂಡೂ ಇದ್ದರು.

ಎರಡನೆಯ ಪತ್ರ ತೆರೆದಳು. ಕೆಂಪು. ಮೂರನೆಯದು ಕೆಂಪು.

ಹಿಂದೆ ನಿಂತಿದ್ದ ರಿಗ್ಮೋರ್ ತಲೆಯನ್ನು ಓರೆ ಮಾಡಿ, ಕೋಳಿ ನೋಡುವ ಹಾಗೆ ತೆರೆಯ ಕಡೆ ತಿರುಗಿಸಿದಳು.

"ಇದೇನು ಡೋರ್ಟೆ, ಇಷ್ಟು ಕೆಂಪು?"

"ಪತ್ರಗಳು ಎಲ್ಲಿ? ಇನ್ನೂ ಇಲ್ಲೇ ಇವೆಯಾ?"

"ನಿನ್ನೆ ಸಂಜೆ ಅಂಚೆಗೆ ಹೋದ್ವು," ಎಂದಳು ರಿಗ್ಮೋರ್. ಆಮೇಲೆ, ಬಹಳ ಮೆಲ್ಲಗೆ, "ಎಲ್ಲಾನೂ ಹೀಗೇನಾ?"

ಡೋರ್ಟೆ ಉತ್ತರ ಕೊಡುವ ಮೊದಲೇ ಅನ್ನೆಲೀಸೆಯ ಮೇಜಿನ ಫೋನು ಬಡಿದುಕೊಂಡಿತು. ನೆಲದೊಳಗೆ ಚಾಚಿದ ಕಡಲಾದ ಫ್ಯೋರ್ಡಿನ ಆಚೆ ದಡದ ಒಂದು ಹಳ್ಳಿಯ ಡಾಕ್ಟರು. ಅವರ ದನಿ ಎಷ್ಟು ದೊಡ್ಡದೆಂದರೆ ಕೋಣೆಗೆಲ್ಲ ಕೇಳಿಸಿತು. "ನಿಮ್ಮ ಪತ್ರ ಇಡೀ ಕಿರುಚ್ತಾ ಇದೆ ಕಣಮ್ಮ, ಅಲರ್ಜಿ ಒಂದು ಬಿಟ್ಟು. ಸಿರಿಂಜು ಕೈಯಲ್ಲಿತ್ತು. ಅಜ್ಜಿ ತಾನೇ ಬಾಯಿಬಿಟ್ಟು ಹೇಳಿದ್ಲು, ಇಲ್ದಿದ್ರೆ ಚುಚ್ಚೇ ಬಿಡ್ತಿದ್ದೆ."

ಅನ್ನೆಲೀಸೆ ಆ ಬೆಳಿಗ್ಗೆಯೆಲ್ಲ ಫೋನಿನ ಮುಂದೆ ಕೂತಳು. ಒಂದೊಂದೇ ಕಡೆಗೆ ಕರೆ ಮಾಡಿ, ಹೆಸರು ಹೇಳಿ, ಆ ಸಾಲನ್ನು ಓದಿ, ಕೆಂಪು ಪೆನ್ನಿನಿಂದ ಅಡಿಗೆರೆ ಎಳೆಸಿದಳು. ಯಾರಿಗೂ ಏನೂ ಆಗಿರಲಿಲ್ಲ. ಮಧ್ಯಾಹ್ನ ಅವಳು ರಿಗ್ಮೋರಳನ್ನೂ, ಕರೆಯದಿದ್ದರೂ ಜೊತೆಗೆ ಬಂದ ಡೋರ್ಟೆಯನ್ನೂ ಕಾಗದ ಇಡುವ ಕೋಣೆಗೆ ಕರೆದೊಯ್ದು ಬಾಗಿಲು ಹಾಕಿದಳು.

"ತಪ್ಪು ಪ್ರೆಬೆನ್‌ದು," ಎಂದಳು ಡೋರ್ಟೆ. "ನಮೂನೆ ಬದಲಾಯಿಸಿದ್ದನ್ನ ಯಾರಿಗೂ ತೋರಿಸ್ಲಿಲ್ಲ. ಅವಳ ಬಣ್ಣ ಇದ್ದಿದ್ರೆ ಹೀಗಾಗ್ತಿರ್ಲಿಲ್ಲ."

"ಅವಳ ಬಣ್ಣ ಯಾಕೆ ಬೇಕು ಅಂತ ಕೇಳ್ತಿದೀನಿ ನಾನು." ಅನ್ನೆಲೀಸೆ ರಿಗ್ಮೋರಳ ಕಡೆ ತಿರುಗಿದಳು. "ಉಳಿದವರೆಲ್ಲ ನೋಡಿದ್ರು. ನೀನು ಯಾಕೆ ನೋಡ್ಲಿಲ್ಲ?"

ರಿಗ್ಮೋರ್ ಕಪಾಟಿನ ಕಡೆ ಮುಖ ಮಾಡಿದ್ದಳು. ಅಂದರೆ ಅವಳು ಅನ್ನೆಲೀಸೆಯನ್ನು ನೋಡುತ್ತಿದ್ದಳು.

"ಅಜ್ಜಿ ಬಾಯಿ ಬಿಡದೆ ಇದ್ದಿದ್ರೆ?" ಎಂದಳು ರಿಗ್ಮೋರ್.

"ನಾನು ದಿನಾ ನೋಡ್ತಿದ್ದೆ ಅವಳ ಪತ್ರಗಳನ್ನ," ಎಂದಳು ಡೋರ್ಟೆ. "ಇನ್ಮೇಲೂ ನೋಡ್ತೀನಿ. ಬಣ್ಣ ವಾಪಸ್ ಹಾಕಿದೀನಿ. ಏನೂ ಆಗಲ್ಲ."

"ನಿನ್ನ ಮಗಳಿಗೆ ಮತ್ತೆ ಜ್ವರ ಬಂದ ದಿನ?"

ಡೋರ್ಟೆ ಕಾಗದದ ಕಟ್ಟೊಂದನ್ನು ಕಪಾಟಿನೊಳಗೆ ಸರಿಸಿಟ್ಟಳು.

"ಆ ಪತ್ರ ನಿನ್ನ ಮಗಳದ್ದೇ ಆಗಿದ್ರೆ, ಡೋರ್ಟೆ?" ಅನ್ನೆಲೀಸೆಯ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಉತ್ತರ ಕೊಡಬಹುದಿತ್ತು.

"ಬಿಡು ಅವಳನ್ನ," ಎಂದಳು ರಿಗ್ಮೋರ್. "ಸಾಕು. ಹೂವು ಮಾತ್ರ ಬೇಡ ಅನ್ನೆಲೀಸೆ. ಹೂವಿನ ಅಂಚು ಮಾತ್ರ ನಂಗೆ ಕಾಣತ್ತೆ."

ಅವಳು ಅದೇ ದಿನ ಕೋಟು ಹಾಕಿಕೊಂಡು ಹೊರಟಳು. ತನ್ನದೆಂದುಕೊಂಡು ಒಂದು ಲೋಟವನ್ನು ತೊಳೆದು ಬುಡಮೇಲಾಗಿಟ್ಟಳು. ಅದು ಉಲ್ಲಾಳ ಲೋಟವಾಗಿತ್ತು. ಉಲ್ಲಾ ಹೇಳಲಿಲ್ಲ.

ಸೋಮವಾರ ಪ್ರೆಬೆನ್ ಬಂದು ಆ ಯಂತ್ರವನ್ನು ಮತ್ತೆ ನೀಲಿ ಮಾಡಿದ. ಬದಲಿಗೆ ಬಂದ ಹುಡುಗಿ ಅಲ್ಲಿ ಕೂತಳು, ಚುರುಕಾಗಿದ್ದಳು, ಒಳ್ಳೆಯವಳೇ. ಡೋರ್ಟೆ ಭಾನುವಾರಗಳಲ್ಲಿ ಸ್ಟೀನೆಯನ್ನು ಕರೆದುಕೊಂಡು ರಿಗ್ಮೋರಳ ಮನೆಗೆ ಹೋಗಬೇಕೆಂದುಕೊಂಡಳು. ಒಂದು ಸಲ ಹೋದಳು. ರೇಡಿಯೋ ಜೋರಾಗಿ ಹಾಡುತ್ತಿತ್ತು, ಅವರು ಇರುವಷ್ಟು ಹೊತ್ತೂ ರಿಗ್ಮೋರ್ ಅದನ್ನು ಆರಿಸಲಿಲ್ಲ. ಮುಂದಿನ ಭಾನುವಾರ ಬಟ್ಟೆ ಒಗೆಯುವುದಿತ್ತು. ಅದರ ಮುಂದಿನದಕ್ಕೆ ಮಗುವಿಗೆ ಕೆಮ್ಮು.

ಜನವರಿಯಲ್ಲಿ ಒಂದು ಮಧ್ಯಾಹ್ನ ಉಲ್ಲಾ ಹೆಡ್‌ಫೋನ್ ಕಿತ್ತು ಎದ್ದು ಬಂದಳು. ಕೈಯಲ್ಲಿ ಒಂದು ಟೇಪಿತ್ತು. ಬಾಯಿ ನಿಲ್ಲದ ಉಲ್ಲಾ ಅಂದು ಪಿಸುಗುಟ್ಟಿದಳು.

"ಕಣ್ಣಿನ ವಿಭಾಗದ್ದು. ಹೆಸರು ಹೇಳಿದ ತಕ್ಷಣ ನಿಲ್ಲಿಸ್ಬಿಟ್ಟೆ. ದೇವರಾಣೆ, ಮುಂದೆ ಕೇಳಿಲ್ಲ. ನನ್ನ ಕೈಲಾಗಲ್ಲ ಕಣೇ. ನೀನೇ ಮಾಡು."

ರಿಗ್ಮೋರಳ ಪಿಂಚಣಿಗೆ ಈ ಆಸ್ಪತ್ರೆಯ ಡಾಕ್ಟರೇ ನೋಡಿ ಬರೆಯಬೇಕಿತ್ತು. ಡೋರ್ಟೆ ಟೇಪನ್ನು ಯಂತ್ರಕ್ಕೆ ಹಾಕಿ, ಪೆಡಲ್ ಒತ್ತಿದಳು. ರಿಗ್ಮೋರ್ ಹೇಳುತ್ತಿದ್ದ ಆ ಸೇಬು ತಿನ್ನುವ ಡಾಕ್ಟರೇ. ಒಂದೊಂದು ವಾಕ್ಯದ ನಡುವೆ ಅಗಿಯುವ ಸದ್ದು. ರೋಗಿಗೆ ಐವತ್ತೆಂಟು ವರ್ಷ, ವಿಧವೆ. ಈ ಹಿಂದೆ ಆಸ್ಪತ್ರೆಯಲ್ಲಿ ಟೈಪಿಸ್ಟ್ ಆಗಿದ್ದರು. ಡೋರ್ಟೆ ಕಾಲು ಎತ್ತಿ, ಟೇಪನ್ನು ಹಿಂದಕ್ಕೆ ಸುತ್ತಿ, ಮತ್ತೆ ಕೇಳಿದಳು. ಈ ಹಿಂದೆ, ಎಂದೇ ಇತ್ತು. ಟೈಪು ಮಾಡಿದಳು. ಎರಡೂ ಕಣ್ಣುಗಳಲ್ಲಿ ನಡುವಿನ ದೃಷ್ಟಿ ಉಳಿದಿಲ್ಲ. ಚಿಕಿತ್ಸೆ ಇಲ್ಲ. ಓದು ಬರಹದ ಕೆಲಸ ಸಾಧ್ಯವಿಲ್ಲ. ಮತ್ತೊಂದು ಕಚ್ಚು ಸೇಬು.

ಪತ್ರದ ತಲೆಯಲ್ಲಿ ಖಾಲಿ ಬಿಟ್ಟಿದ್ದ ಎಚ್ಚರಿಕೆ ಸಾಲಿಗೆ ಕೊನೆಯಲ್ಲಿ ಮರಳಿದಾಗ ಡೋರ್ಟೆ ಕೈ ಎತ್ತಿದಳು. ನಮೂನೆಯಲ್ಲಿ ದಪ್ಪಕ್ಷರ ಮೊದಲೇ ಹಚ್ಚಿತ್ತು, ಕೀಲಿ ಒತ್ತುವ ಅಗತ್ಯವಿರಲಿಲ್ಲ. ಯಾವ ಔಷಧಕ್ಕೂ ಅಡ್ಡಿಯಿಲ್ಲ, ಎಂದರು ಡಾಕ್ಟರು. ನೀಲಿಯ ಮೇಲೆ ಬಿಳಿ ಅಕ್ಷರಗಳು ಮೂಡಿದವು. ಅವಳು ತೆರೆಯ ಎಡಮೇಲಿನ ಮೂಲೆಯನ್ನು ದಿಟ್ಟಿಸಿ, ಕಣ್ಣಂಚಿನಲ್ಲಿ ಕೆಳಗಿನ ಅಂಕಿಯನ್ನು ಹುಡುಕಲು ನೋಡಿದಳು. ಬೂದು ಎಲ್ಲಿ ಮುಗಿಯಿತು, ಬಿಳಿ ಎಲ್ಲಿ ಶುರುವಾಯಿತು, ಅವಳಿಗೂ ತಿಳಿಯಲಿಲ್ಲ.

ಪತ್ರ ಅಚ್ಚಾಗಿ ಬಂತು. ಅವಳು ಅದನ್ನು ಒಂದು ಸಲ ಓದಿ, ಮಡಚಿ, ಅಂಚೆಯ ತಟ್ಟೆಯಲ್ಲಿ ಉಳಿದವುಗಳ ಕೆಳಗೆ ಇಟ್ಟಳು. ಶಿಶುವಿಹಾರ ಮುಚ್ಚುವ ಹೊತ್ತಾಗುತ್ತಿತ್ತು. ಸೈಕಲ್ಲಿನ ಆಸನದ ಮೇಲೆ ಹಿಮ ಕೂತಿತ್ತು. ಅದನ್ನು ತೋಳಿನಿಂದ ಒರೆಸಿ, ಕತ್ತಲೆಗೆ ಹೊರಟಳು.